ಎಡಗಾಲಿನ ಹಂಗು

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಕೋಣೆಯ ಕ್ಲಿನಿಕ್ ಇದೆ. ಪಿಯುಸಿ ರಿಸಲ್ಟ್ ಬಂದ ವಾರ ಅಲ್ಲಿಗೆ ಪೇಶಂಟುಗಳಿಗಿಂತ ಹುಡುಗಿಯರೇ ಹೆಚ್ಚು ಬರುತ್ತಾರೆ. ಕಬಡ್ಡಿ ಆಡಿದವರು, ಖೋಖೋ ಆಡಿದವರು, ಸೈಕಲ್ ರೇಸಿಗೆ ಹೋದವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದುಪಟ್ಟಾದ ತುದಿ ತಿರುಚುತ್ತಾ ಎಲ್ಲರೂ ಕೇಳುವುದು ಒಂದೇ: "ಅಕ್ಕಾರ, ಈ ಕೆಲಸಕ್ಕ ಸೇರೂದು ಹ್ಯಾಂಗ್ರಿ?"

ಹೇಳುತ್ತೇನೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡಿರಬೇಕು, ಜೀವಶಾಸ್ತ್ರ ಇರಲೇಬೇಕು. ಆಮೇಲೆ ನಾಲ್ಕು ವರ್ಷ ಫಿಸಿಯೊಥೆರಪಿ, ಅದರ ಮೇಲೆ ಆರು ತಿಂಗಳು ಆಸ್ಪತ್ರೆಯಲ್ಲಿ ದುಡಿತ. ನಂತರ ಆಟಗಾರರ ಪೆಟ್ಟುಗಳ ಬಗ್ಗೆಯೇ ಇನ್ನೆರಡು ವರ್ಷ ಓದು. ನಡುನಡುವೆ ಪ್ರಥಮ ಚಿಕಿತ್ಸೆಯ ತರಬೇತಿ, ಟೇಪು ಸುತ್ತುವುದರ ತರಬೇತಿ. ಇಷ್ಟೆಲ್ಲ ಆದಮೇಲೂ ಮೈದಾನದ ಅಂಚಿನಲ್ಲಿ ಬಿಸಿಲಿಗೆ ನಿಂತು ನಿಂತು ಮುಖ ಸುಡದೆ ಕೆಲಸ ಬರುವುದಿಲ್ಲ. ಇಷ್ಟು ಕೇಳಿದ ಮೇಲೂ ಎದ್ದು ಹೋಗದೆ ಕೂತವಳಿಗೆ ಮಾತ್ರ ಚಹಾ ಕೊಡುತ್ತೇನೆ.

ಕೆಲಸವೇನು ಎಂದರೆ, ಆಟಗಾರರು ಬಿದ್ದಾಗ ಮೊದಲು ಓಡಿಹೋಗುವವಳು ನಾನು. ಎಬ್ಬಿಸಬಹುದೋ ಬಾರದೋ, ಮತ್ತೆ ಆಡಬಹುದೋ ಬಾರದೋ ಎಂದು ಅಲ್ಲೇ ಮಂಡಿಯೂರಿ ಕೂತು ಹೇಳಬೇಕು. ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಅವರ ಬೆನ್ನು ಬಿದ್ದು ಮತ್ತೆ ಮೈದಾನಕ್ಕೆ ತರಬೇಕು. ಹೊರದೇಶದಲ್ಲಿ ಇದಕ್ಕೆ ಅಥ್ಲೆಟಿಕ್ ಟ್ರೇನರ್ ಎನ್ನುತ್ತಾರಂತೆ. ನಮ್ಮಲ್ಲಿ ಕೆಲವರು ಡಾಕ್ಟರಮ್ಮ ಎನ್ನುತ್ತಾರೆ, ಕೆಲವರು ಜಿಮ್ಮಿನಾಕಿ, ಉಳಿದವರೆಲ್ಲ ಮಾಲೀಸಿನಾಕಿ. ಅನ್ನಲಿ. ಬಿದ್ದಾಗ ಹುಡುಕುವುದು ನನ್ನನ್ನೇ.

ಆದರೆ ನಾನು ಹೇಗೆ ಸೇರಿದೆ ಎಂದು ಆ ಹುಡುಗಿಯರಿಗೆ ಒಂದು ದಿನವೂ ಹೇಳಿಲ್ಲ. ಹೇಳಲು ಹೋದರೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ಹೇಳುತ್ತೇನೆ.

ನನ್ನ ಊರು ಇಂಡಿ ಪಟ್ಟಣದಿಂದ ಟೆಂಪೊದಲ್ಲಿ ಅರ್ಧ ತಾಸಿನ ದಾರಿ. ನಿಂಬೆ ತೋಟದ ಮನೆ. ಮೂರು ಹೆಣ್ಣುಮಕ್ಕಳ ಬೆನ್ನಿಗೆ ನಾಲ್ಕನೆಯವಳಾಗಿ ಹುಟ್ಟಿದವಳು ನಾನು. ಹುಟ್ಟುವಾಗ ಎಲ್ಲರಂತೆ ತಲೆ ಮುಂದಾಗಿ ಬರಲಿಲ್ಲ, ಕಾಲು ಮುಂದಾಗಿ ಬಂದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನಮ್ಮ ಕಡೆ ಒಂದು ನಂಬಿಕೆಯಿದೆ. ಸೊಂಟ ಉಳುಕಿ ಬಗ್ಗಲಾಗದೆ ಏಳಲಾಗದೆ ನಿಂತವರು, ಅಂದರೆ ನಮ್ಮ ಮಾತಿನಲ್ಲಿ ಟೊಂಕ ಹಿಡಿದವರು, ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳಬೇಕು. ಎಡಗಾಲಿನಿಂದಲೇ ತುಳಿಯಬೇಕು, ಮೂರು ಸಲ. ಅಲ್ಲಿಗೆ ಉಳುಕು ಬಿಟ್ಟುಹೋಗುತ್ತದೆ.

ನನಗೆ ನಡೆಯಲು ಬರುವ ಮೊದಲೇ ನನ್ನ ಕಾಲಿಗೆ ಗಿರಾಕಿಗಳಿದ್ದರಂತೆ. ಅವ್ವ ನನ್ನನ್ನು ಎತ್ತಿ ಹಿಡಿದು, ಬೋರಲು ಮಲಗಿದವರ ಬೆನ್ನ ಮೇಲೆ ಪಾದ ಮುಟ್ಟಿಸುತ್ತಿದ್ದಳಂತೆ. ನನಗೆ ನೆನಪಿರುವುದು ಆಮೇಲಿನದು. ಬೆಳಿಗ್ಗೆ ಸಾಲಿಗೆ ಹೊರಟು ನಿಂತರೆ ಹೊಸ್ತಿಲಲ್ಲಿ ಯಾರೋ ಒಬ್ಬರು ಬೋರಲು ಬಿದ್ದಿರುತ್ತಿದ್ದರು. "ತಂಗೀ, ತುಳದು ಹೋಗ ಯವ್ವಾ." ಪಾಟಿಚೀಲ ಹೆಗಲಲ್ಲೇ ಇಟ್ಟುಕೊಂಡು ಮೂರು ಸಲ ತುಳಿದು ಹೋಗುತ್ತಿದ್ದೆ. ಬಲಗಾಲಿಗೆ ಬೇಕಾದರೆ ಮುಳ್ಳು ಚುಚ್ಚಲಿ, ಎಡಗಾಲು ಹುಷಾರು ಎಂದು ಆಯಿ, ಅಂದರೆ ಅಪ್ಪನ ಅವ್ವ, ದಿನಾ ಎಚ್ಚರಿಸುತ್ತಿದ್ದಳು. ನನ್ನ ಅಕ್ಕಂದಿರಿಗೆ ಸಿಗದ ಕೆನೆಮೊಸರು ನನ್ನ ತಾಟಿಗೆ ಬೀಳುತ್ತಿತ್ತು. ಕೆನೆಮೊಸರು ನನಗಲ್ಲ, ನನ್ನ ಪಾದಕ್ಕೆ ಎಂಬುದು ಆಗಲೇ ಗೊತ್ತಿತ್ತು.

ಕೆಲವರು ಎದ್ದು ನೆಟ್ಟಗೆ ನಡೆದು ಹೋಗುತ್ತಿದ್ದರು. ಕೆಲವರು ಬಂದಂತೆಯೇ ಬಗ್ಗಿಕೊಂಡು ಹೋಗುತ್ತಿದ್ದರು. ಉಳುಕು ಬಿಡದವರಿಗೆ ವಾರ ಸರಿಯಿರಲಿಲ್ಲ, ಇಲ್ಲವೇ ನಂಬಿಕೆ ಸಾಲದು ಎನ್ನುತ್ತಿದ್ದರು. ಸಾಮಾನ್ಯ ಉಳುಕು ನಾಲ್ಕಾರು ದಿನದಲ್ಲಿ ತಾನಾಗಿಯೇ ಬಿಡುತ್ತದೆ, ತುಳಿದರೂ ಬಿಡುತ್ತದೆ, ಬಿಟ್ಟರೂ ಬಿಡುತ್ತದೆ ಎಂಬುದು ಕಾಲೇಜಿಗೆ ಹೋದ ಮೇಲೆ ತಿಳಿಯಿತು.

ಹನ್ನೆರಡು ವರ್ಷದವಳಿದ್ದಾಗ ನನ್ನ ಕಾಕಾ ಹೊಸ್ತಿಲಲ್ಲಿ ಮಲಗಿದ. ಕಾಕಾ ಎಂದರೆ ಅಪ್ಪನ ತಮ್ಮ. ಗರಡಿಯ ಆಳು, ಕುಸ್ತಿ ಆಡುತ್ತಿದ್ದ, ಭಾರದ ಗುಂಡುಕಲ್ಲು ಎತ್ತುತ್ತಿದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟವೆಲ್ಲ ಓಡುತ್ತಿದ್ದವನು. ಅವತ್ತು ಕಲ್ಲು ಎತ್ತುವಾಗ ಟೊಂಕದಲ್ಲಿ ಏನೋ ಚಳಕ್ಕೆಂದಿತ್ತಂತೆ, ಎಡಗಾಲಿನ ತುದಿಯವರೆಗೆ ಜುಮುಗುಡುತ್ತಿತ್ತಂತೆ. ನಾನು ತುಳಿದೆ. "ಇನ್ನೂ ಜೋರಾಗಿ," ಅಂದ. ಮತ್ತೆ ತುಳಿದೆ. "ಏ, ಉಂಡಿಲ್ಲೇನು? ಜೋರಾಗಿ ತುಳಿ." ಸುತ್ತ ನಿಂತವರು ನಕ್ಕರು. ನಾನು ಬಾಗಿಲ ಚೌಕಟ್ಟು ಹಿಡಿದು ಜಿಗಿದು ಅವನ ಬೆನ್ನ ಮೇಲೆ ಇಳಿದೆ.

ಕಾಕಾ ಕೂಗಿದ ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಆಸ್ಪತ್ರೆ ಆಯಿತು, ಆಪರೇಶನ್ ಆಯಿತು. ಅವನ ಎಡಪಾದ ಮೇಲೆತ್ತುವ ಶಕ್ತಿ ತಿರುಗಿ ಬರಲೇ ಇಲ್ಲ. ಇವತ್ತಿಗೂ ಕಾಲೆಳೆದುಕೊಂಡೇ ನಡೆಯುತ್ತಾನೆ, ನೆಲದ ಮೇಲೆ ಅವನ ಚಪ್ಪಲಿ ಉಜ್ಜುವ ಸದ್ದು ಕೇಳಿದರೆ ಬಂದವನು ಅವನೇ ಎಂದು ಗೊತ್ತಾಗುತ್ತದೆ. ನರ ಮೊದಲೇ ಕೆಟ್ಟಿತ್ತೋ ನನ್ನ ಜಿಗಿತಕ್ಕೆ ಕೆಟ್ಟಿತೋ, ಇಷ್ಟು ಓದಿದ ನನಗೂ ಖಚಿತವಾಗಿ ಹೇಳಲಾಗುವುದಿಲ್ಲ. ಮನೆಯಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಅವತ್ತು ಮಂಗಳವಾರ, ತುಳಿಸಿಕೊಳ್ಳಬಾರದಿತ್ತು ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಮಾತ್ರ ಅವತ್ತು ಅಡುಗೆಮನೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ನನಗಾಗಿ ಅಳುತ್ತಿದ್ದಾಳೆ ಅಂದುಕೊಂಡಿದ್ದೆ.

ಅಂದಿನಿಂದ ನಾನು ಯಾರನ್ನೂ ತುಳಿಯಲಿಲ್ಲ. ಹೊಸ್ತಿಲಲ್ಲಿ ಮಲಗಿದವರನ್ನು ಪಕ್ಕಕ್ಕೆ ದಾಟಿ ಸಾಲಿಗೆ ಹೋದೆ. ಆಯಿ ಬೈದಳು, ಅಪ್ಪ ಒಂದು ಬಿಗಿದ. ಏನು ಮಾಡಿದರೂ ಕಾಲೆತ್ತಲಿಲ್ಲ. ಕೆನೆಮೊಸರು ನಿಂತಿತು. ಆ ಬೆನ್ನೊಳಗೆ ಏನಿತ್ತು, ಏನು ಮುರಿಯಿತು, ಯಾಕೆ ಪಾದ ಬಿದ್ದಿತು ಎಂಬುದನ್ನು ತಿಳಿಯಲೇಬೇಕೆಂಬ ಹಟ ಮಾತ್ರ ಹಿಡಿಯಿತು.

ಪಿಯುಸಿ ಮುಗಿದಾಗ ಅಪ್ಪ ವರ ನೋಡತೊಡಗಿದ್ದ. ಮೂವರು ಅಕ್ಕಂದಿರಿಗೂ ಹಾಗೇ ಆಗಿತ್ತು. ಫಿಸಿಯೊಥೆರಪಿ ಓದುತ್ತೇನೆ ಅಂದೆ. ಅದೇನೆಂದು ಅಪ್ಪನಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಆಗ ರೊಟ್ಟಿ ತಟ್ಟುತ್ತಿದ್ದ ಅವ್ವ ತಲೆಯೆತ್ತದೆ ಹೇಳಿದಳು: "ದೇವರು ಆಕಿ ಕಾಲಾಗ ಗುಣ ಇಟ್ಟು ಕಳಿಸ್ಯಾನ. ತುಳಿಯೂದಂತೂ ನಿಂತು ಆರು ವರ್ಷ ಆತು. ಇನ್ನ ಓದೂದೂ ನಿಲ್ಲಸ್ತೀರೇನು?" ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಫಾರ್ಮಿಗೆ ಸಹಿ ಹಾಕಿದ.

ಕಾಲಿನಲ್ಲಿ ಗುಣವಿದೆ ಎಂಬುದು ಸುಳ್ಳೆಂದು ನನಗೆ ಖಾತ್ರಿಯಿತ್ತು. ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಯಾವ ಕಾಲನ್ನು ಆರು ವರ್ಷ ಧಿಕ್ಕರಿಸಿದ್ದೆನೋ ಅದೇ ಕಾಲಿನ ಹಂಗಿನಲ್ಲಿ ಕಾಲೇಜು ಸೇರಿದೆ. ಸಿಟ್ಟು ಬರುತ್ತಿತ್ತು ಅಂದೆನಲ್ಲ, ಅದಕ್ಕೇ.

ಓದು ಮುಗಿಸಿ ಬಂದ ಮೇಲೆ ಸಿಂದಗಿಯಲ್ಲಿ ನನ್ನ ಮೊದಲ ಪಂದ್ಯಾವಳಿ. ಐಸ್ ಡಬ್ಬಿ, ಟೇಪು, ಬ್ಯಾಂಡೇಜು ಜೋಡಿಸಿಕೊಂಡು ಕೂತರೆ ಸಂಘಟಕರೊಬ್ಬರು ಬಂದು, "ಬಾಯಾರ, ನೀವು ಹೆಣ್ಮಕ್ಕಳ ಕಡೆ ನೀರು ಕೊಡ್ರಿ, ಸಾಕು," ಅಂದರು. "ನೀರು ಕೊಡಾಕ ಆರೂವರಿ ವರ್ಷ ಓದಬೇಕಾಗಿತ್ತೇನ್ರಿ?" ಅಂದೆ. ಆಟದಲ್ಲಿ ಪಾದ ಹೊರಳಿದ ಹುಡುಗನೊಬ್ಬನ ಕಾಲು ಹಿಡಿದು ಎಳೆಯಲು ನಾಲ್ಕು ಜನ ಸಿದ್ಧರಾಗಿದ್ದರು, ಒಬ್ಬ ಆಗಲೇ ಅರಿಶಿನ ಸುಣ್ಣ ಕಲಸುತ್ತಿದ್ದ. ನಡುವೆ ನುಗ್ಗಿ ಅವನ ಕಾಲು ಬಿಡಿಸಿದೆ. ಅವತ್ತು ಸಂಜೆಯ ಹೊತ್ತಿಗೆ ನನಗೆ ಜಗಳಗಂಟಿ ಎಂಬ ಹೆಸರು ಬಂದಿತ್ತು. ಮುಂದಿನ ವರ್ಷ ಮತ್ತೆ ಕರೆದರು. ಜಗಳಗಂಟಿಯನ್ನು ಸುಮ್ಮನೆ ಯಾರೂ ಎರಡನೆಯ ಸಲ ಕರೆಯುವುದಿಲ್ಲ.

ಇನ್ನು ಇಂಡಿಯ ಮಾತು. ಹೋದ ವರ್ಷ ಹುಡುಗಿಯರ ಕಬಡ್ಡಿ ಫೈನಲ್ಲು ಅಲ್ಲಿಯ ಮೈದಾನದಲ್ಲಿ ನಡೆಯಿತು. ಸಿಂದಗಿ ತಂಡಕ್ಕೂ ಮುದ್ದೇಬಿಹಾಳ ತಂಡಕ್ಕೂ ಆಟ. ಜಿಲ್ಲಾ ತಂಡ ಆರಿಸುವವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮುದ್ದೇಬಿಹಾಳದ ಕಡೆ ತಂಗಡಗಿಯ ಹುಡುಗಿಯೊಬ್ಬಳಿದ್ದಳು, ಹದಿನೇಳು ವರ್ಷದವಳು. ಎದುರಾಳಿಗಳ ಅಂಗಳಕ್ಕೆ ನುಗ್ಗಿದರೆ ಮೀನಿನಂತೆ ಜಾರಿಕೊಂಡು ಬರುವವಳು. ಆಕೆಯ ಆಯಿ ಮೊಮ್ಮಗಳ ಆಟ ನೋಡಲೆಂದೇ ಬಸ್ ಹತ್ತಿ ಬಂದಿದ್ದಳು. ನಮ್ಮೂರು ಹತ್ತಿರವೆಂದು ನನ್ನ ಅವ್ವನೂ ಬುತ್ತಿ ಕಟ್ಟಿಕೊಂಡು ಬಂದಿದ್ದಳು, ಜೊತೆಗೆ ನಮ್ಮೂರಿನ ಹತ್ತಾರು ಮಂದಿ.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಹುಡುಗಿಯನ್ನು ಮೂವರು ಹಿಡಿದೆತ್ತಿ ಕೆಡವಿದರು. ಟೊಂಕದ ಮೇಲೆ ಬಿದ್ದಳು, ಆಕೆಯ ಮೇಲೆ ಅವರು ಬಿದ್ದರು. ಮೂವರು ಎದ್ದರು, ಆಕೆ ಏಳಲಿಲ್ಲ.

ಓಡಿದೆ. "ಅಲುಗಬ್ಯಾಡ ತಂಗಿ. ಎಲ್ಲಿ ನೋವು?" ಬೆನ್ನ ಕೆಳಭಾಗ ತೋರಿಸಿದಳು. ಬೂಟು ಬಿಚ್ಚಿ ಪಾದ ಮುಟ್ಟಿದೆ. "ನಾ ಯಾವ ಬೆರಳು ಮುಟ್ಟಾಕತ್ತೇನಿ, ಹೇಳು." ಬಲಗಾಲಿನದು ಸರಿಯಾಗಿ ಹೇಳಿದಳು. ಎಡಗಾಲಿನ ಹೆಬ್ಬೆರಳು ಹಿಡಿದು ಕೇಳಿದೆ. "ಮುಟ್ರಿ ಅಕ್ಕಾರ, ಹೇಳ್ತೇನಿ," ಅಂದಳು. ನಾನು ಆಗಲೇ ಮುಟ್ಟಿದ್ದೆ.

ಕಾಕಾನ ಕೂಗು ಮತ್ತೆ ಕಿವಿಯಲ್ಲಿ ಎದ್ದಿತು. ಆಕೆಯನ್ನು ಒಂದು ಗೇಣೂ ಎತ್ತಕೂಡದು, ಕೂರಿಸಕೂಡದು, ತಿರುಗಿಸಕೂಡದು. ಗಟ್ಟಿ ಹಲಗೆ ಬೇಕು, ಆಂಬುಲೆನ್ಸ್ ಬೇಕು. ಫೋನು ಮಾಡಿಸಿದೆ. ಅಷ್ಟರಲ್ಲಿ ಮುದ್ದೇಬಿಹಾಳದ ಕೋಚ್ ಬಂದು ಬಗ್ಗಿ ನೋಡಿದರು. "ಟೊಂಕ ಹಿಡದಿರಬೇಕ್ರಿ. ಜರಾ ಎತ್ತಿ ಕುಂದ್ರಿಸಿದ್ರ ಹೋಗತೈತಿ. ಆರಿಸೋರು ನೋಡಾಕತ್ತಾರ. ಇವತ್ತ ಬಿಟ್ರ ಇಕಿಗೆ ಮುಂದಿಲ್ಲ."

"ಎತ್ತಿದ್ರ ಇಕಿಗೆ ಕಾಲs ಇರಂಗಿಲ್ಲ," ಅಂದೆ.

ಆಗ ಗುಂಪಿನಲ್ಲಿ ನಮ್ಮೂರಿನ ಹಿರಿಯರೊಬ್ಬರು ನನ್ನನ್ನು ಗುರುತು ಹಿಡಿದರು. ನಾನು ಚಿಕ್ಕವಳಿದ್ದಾಗ ನನ್ನಿಂದ ತುಳಿಸಿಕೊಂಡು ಗುಣವಾದವರಂತೆ. ಇವಳು ಕಾಲು ಮುಂದಾಗಿ ಹುಟ್ಟಿದವಳು, ಇವಳು ಮೂರು ಸಲ ತುಳಿದರೆ ಆಯಿತು, ಹುಡುಗಿ ಎದ್ದು ಆಡುತ್ತಾಳೆ ಎಂದು ಕೈಯೆತ್ತಿ ಹೇಳಿದರು. ಸುದ್ದಿ ಗುಂಪಿನೊಳಗೆ ಹಬ್ಬಿತು. ಕೋಚ್ ನನ್ನ ಮುಖ ನೋಡಿದರು. ಹುಡುಗಿಯ ಆಯಿ ಬಂದು ನನ್ನ ಎಡಗಾಲನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ ಯವ್ವಾ, ದೇವರು ನಿನ್ನ ಇಲ್ಲಿ ತಂದು ನಿಲ್ಲಿಸ್ಯಾನ. ಒಂದs ಸಲ ತುಳಿ. ನನ ಮೊಮ್ಮಗಳ ಬಾಳು ಉಳಸು."

"ಆಯೀ, ನನ್ನ ಕಾಲಾಗ ಏನೂ ಇಲ್ಲ. ಬಿಡ್ರಿ."

"ಇದ್ದೂ ಇಲ್ಲಂತಾಳ ನೋಡ್ರಿ. ಓದಿದ ಸೊಕ್ಕು," ಎಂದು ಹಿಂದಿನಿಂದ ಯಾರೋ ಅಂದರು. ಇನ್ನೊಬ್ಬರು, "ಆಕಿ ಒಲ್ಲೆ ಅಂದ್ರ ಹುಡುಗೀನs ಹೊಳ್ಳಿಸಿ ಆಕಿ ಪಾದಕ್ಕ ಮುಟ್ಟಿಸ್ರಿ," ಅಂದರು. ಇಬ್ಬರು ಗಂಡಸರು ಹುಡುಗಿಯ ತೋಳಿಗೆ ಕೈ ಹಾಕಿದರು.

ನಾನು ಹುಡುಗಿಯ ಮೇಲೆ ಅಡ್ಡಲಾಗಿ ಎರಡೂ ಕೈ ಊರಿ ಬಾಗಿದೆ. "ಮುಟ್ಟೀರಿ ಅಂದ್ರ ನೋಡ್ರಿ. ಇಕಿ ಮೈ ಮುಟ್ಟೂದಕ್ಕ ಮೊದಲ ನನ್ನ ಎತ್ತಿ ಒಗೀಬೇಕು." ಗುಂಪು ಹತ್ತಿರ ಬಂದಿತು. ಓದಿದ ಒಂದೊಂದು ಪುಸ್ತಕವನ್ನೂ ಆಗ ಬಿಡಿಸಿ ಹೇಳಿದ್ದರೂ ಆ ಜನ ಕೇಳುತ್ತಿರಲಿಲ್ಲ. ಅವರಿಗೆ ಬೇಕಿದ್ದುದು ನನ್ನ ಕಾಲು, ನನ್ನ ಓದಲ್ಲ.

ಆಗ ಅವ್ವ ಒಳಗೆ ಬಂದಳು. ಬುತ್ತಿಯ ಗಂಟು ಇನ್ನೂ ಬಗಲಲ್ಲಿತ್ತು. ಸೆರಗು ಸರಿಮಾಡಿಕೊಂಡು, ನಮ್ಮೂರಿನ ಆ ಹಿರಿಯರ ಎದುರಿಗೇ ನಿಂತು ಹೇಳಿದಳು:

"ಆಕಿ ಕಾಲು ಮುಂದಾಗಿ ಹುಟ್ಟಿಲ್ಲರಿ ಅಣ್ಣಾರ. ನಿಮ್ಮಂಗ, ನನ್ನಂಗ ತಲಿ ಮುಂದಾಗೇ ಹುಟ್ಯಾಳ. ಹಡದಾಕಿ ನಾನು, ನನಗ ಗೊತ್ತಿಲ್ಲೇನು? ನಾ ಸುಳ್ಳು ಹೇಳಿದ್ದೆ."

ಹಿರಿಯರು, "ಏನ್ ಮಾತವಾ ಇದು," ಎಂದು ತೊದಲಿದರು. ಅವ್ವ ನಿಲ್ಲಿಸಲಿಲ್ಲ. "ಬೇಕಾದ್ರ ನನ್ನ ಉಗಳ್ರಿ. ಆ ಕೂಸಿನ ಮೈಮ್ಯಾಲಿನ ಕೈ ತಗೀರಿ."

ತೋಳು ಹಿಡಿದವರು ಬಿಟ್ಟರು. ಹುಡುಗಿಯ ಆಯಿ ನನ್ನ ಕಾಲು ಬಿಟ್ಟು ಅಲ್ಲೇ ಮಣ್ಣಿನಲ್ಲಿ ಕುಸಿದಳು. ಅವ್ವ ಆಕೆಯ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟಳು. ಆಂಬುಲೆನ್ಸ್ ಬರುವವರೆಗೆ ನಾನು ಹುಡುಗಿಯ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೇ ಇದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಒಮ್ಮೆಯೂ ತಲೆಯೆತ್ತಿ ಅವ್ವನ ಮುಖ ನೋಡಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಬೆನ್ನುಮೂಳೆ ಸೀಳಿದ್ದು ಕಂಡಿತು. ನರ ಒತ್ತಿಕೊಂಡಿತ್ತು, ಹರಿದಿರಲಿಲ್ಲ. ಹೊರಳಿಸಿದ್ದರೆ ಹರಿಯಬಹುದಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಆಪರೇಶನ್ ಆಯಿತು, ತಿಂಗಳುಗಟ್ಟಲೆ ಬೆಲ್ಟು ಕಟ್ಟಿಕೊಂಡಳು. ಜಿಲ್ಲಾ ತಂಡ ಆಕೆಯಿಲ್ಲದೇ ಹೋಯಿತು. ಆಮೇಲೆ ಆಕೆ ನನ್ನ ಕೋಣೆಗೆ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬಂದಳು. ಮೊನ್ನೆ ಎಡಗಾಲಿನ ಹೆಬ್ಬೆರಳು ಹಿಡಿದಾಗ, ನಾನು ಕೇಳುವ ಮೊದಲೇ, "ಗೊತ್ತಾಗಾಕತ್ತೈತ್ರಿ, ಬಿಡ್ರಿ ಇನ್ನ, ಕಚಗುಳಿ ಆಗತೈತಿ," ಎಂದು ಬೈದಳು. ಕಬಡ್ಡಿ ಆಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಓಡುತ್ತಾಳೆ.

ಆ ಫೈನಲ್ಲಿನ ಮರುದಿನ ಆಸ್ಪತ್ರೆಯಿಂದ ಊರಿಗೆ ಹೋದೆ. ಅವ್ವ ಅಂಗಳದಲ್ಲಿ ನಿಂಬೆಹಣ್ಣು ಆರಿಸುತ್ತಿದ್ದಳು. ನಿಂತುಕೊಂಡೇ ಕೇಳಿದೆ, ಯಾಕೆ ಎಂದು.

"ನೀ ಹುಟ್ಟಿದಾಗ ನಿಮ್ಮ ಆಯಿ ಮಾರಿ ನೋಡಾಕ ಬರಲಿಲ್ಲ. ನಾಕನೇದೂ ಹೆಣ್ಣು. ಕೂಸಿಗೆ ಹಾಲು ಕುಡಿಸೂದು ಬಿಡು ಅಂತ ಯಾರ್ಯಾರೋ ಕಿವ್ಯಾಗ ಹೇಳಿ ಹೋದ್ರು. ನಾ ಸೂಲಗಿತ್ತಿ ಕೈ ಹಿಡಕೊಂಡೆ. ಕಾಲು ಮುಂದಾಗಿ ಬಂದಾಳ ಅಂತ ಹೊರಗ ಹೋಗಿ ಹೇಳು ಅಂದೆ. ಆಕಿ ಹೇಳಿದ್ಲು. ಅವತ್ತs ನಿಮ್ಮ ಆಯಿ ನಿನ್ನ ತೊಡಿ ಮ್ಯಾಲ ಹಾಕ್ಕೊಂಡ್ಲು." ಒಂದು ಕೊಳೆತ ಹಣ್ಣು ತೆಗೆದು ಆಚೆ ಎಸೆದಳು. "ನಿಮ್ಮ ಕಾಕಾನ ಕಾಲು ಹೋತು. ಅವತ್ತs ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಸಿಟ್ಟು ಬಂದಿತ್ತು ಎಂದರೆ ಸುಳ್ಳಾಗುತ್ತದೆ. ಇಪ್ಪತ್ತು ವರ್ಷ ಯಾವ ಹಂಗನ್ನು ಬೈದುಕೊಂಡು ತಿರುಗಿದೆನೋ ಅದು ನನ್ನ ಪ್ರಾಣದ ಹಂಗಾಗಿತ್ತು. ಅವ್ವನ ಕೈ ಹಿಡಿದು ಎಬ್ಬಿಸಿದೆ. "ಏಳು. ಕಾಕಾನ ಹಂತ್ಯಾಕ ಹೋಗೂಣು."

ಕಾಕಾ ತೋಟದ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ನಾನು ಫಿಸಿಯೊಥೆರಪಿ ಕಲಿತು ಬಂದಾಗಿನಿಂದ ಅವನ ಬೆನ್ನು ನೋಡುತ್ತೇನೆಂದು ಗಂಟು ಬಿದ್ದಿದ್ದೆ. ಅವನು ಒಂದು ದಿನವೂ ಮುಟ್ಟಗೊಟ್ಟಿರಲಿಲ್ಲ. ನನ್ನ ಮೇಲಿನ ಸಿಟ್ಟು ಹೋಗಿಲ್ಲ ಎಂದು ತಿಳಿದಿದ್ದೆ. ಅವ್ವ ಅವನ ಮುಂದೆ ನಿಂತು ಎರಡೂ ಕೈ ಜೋಡಿಸಿದಳು.

ಕಾಕಾ ಅವ್ವನ ಕೈ ಕೆಳಗಿಳಿಸಿದ. "ನೀ ಯಾಕ ಕೈ ಮುಗೀತಿ ವೈನಿ. ಹನ್ನೆರಡು ವರ್ಷದ ಕೂಸಿಗೆ ಇನ್ನೂ ಜೋರಾಗಿ ತುಳಿ ಅಂದಾಂವ ನಾನು. ಅವತ್ತಿನಿಂದ ಆಕಿ ಮಾರಿ ನೋಡಾಕ ನನಗ ಆಗವಲ್ದು."

ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ನನ್ನ ದುಪಟ್ಟಾ ತೆಗೆದು ಕಟ್ಟೆಯ ಮೇಲೆ ಹಾಸಿದೆ.

"ಬೋರಲ ಮಲ್ಕೋ ಕಾಕಾ."

"ತುಳೀತಿಯೇನು ಮತ್ತ?" ಅಂದ. ಮೀಸೆಯಡಿಯಲ್ಲಿ ನಗು ಬಂದಿತ್ತು.

"ಇಲ್ಲ. ಕೈಲೆ ನೋಡ್ತೇನಿ."

ಅವನು ಮೆಲ್ಲಗೆ ಕಾಲೆಳೆದುಕೊಂಡು ಬಂದು ಮಲಗಿದ. ಅಂಗಿ ಸರಿಸಿ, ಆಪರೇಶನ್ನಿನ ಹಳೆಯ ಗಾಯದ ಗುರುತಿನ ಪಕ್ಕ ಬೆರಳಿಟ್ಟೆ. ಅವನ ಮೈ ಬಿಗಿಯಾಯಿತು.

"ಅಂಜಬ್ಯಾಡ ಕಾಕಾ," ಅಂದೆ. "ಇದು ಹುಟ್ಟಿನಿಂದ ಬಂದದ್ದಲ್ಲ. ಕಲತದ್ದು."